ಕಾಲು ತೆಗೆದರೆ ಒರೆಸುವ ಕಾರು

ಪಾವಗಡದಲ್ಲಿ ವೈಪರ್ ನೋಡಿಕೊಳ್ಳುವುದೆಂದರೆ ಬೋಳುತಲೆಗೆ ಬಾಚಣಿಗೆ ಕೊಂಡಂತೆ ಎಂದು ನಮ್ಮ ಬೀದಿಯವರು ನಗುತ್ತಿದ್ದರು. ಮಳೆ ಬಂದರೆ ತಾನೆ ಗಾಜು ಒರೆಸುವುದು? ಅಪ್ಪ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪ್ರತಿ ವರ್ಷ ಯುಗಾದಿಯ ಒಬ್ಬಟ್ಟು ಅರಗುವ ಮೊದಲೇ ಕಾರಿನ ವೈಪರ್ ಬಿಚ್ಚಿಕೊಂಡು ಅಂಗಳದಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ನಾನು ಕೂರುತ್ತಿದ್ದೆ. ಅಣ್ಣ ಆ ಹೊತ್ತಿಗೆ ಮನೆಯಲ್ಲಿದ್ದದ್ದನ್ನು ನಾನಂತೂ ಕಂಡಿಲ್ಲ.

ನಮ್ಮದು ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಮನೆ. ಕಾರು ನನಗಿಂತ ಹಿರಿಯದು, ಹಿಂದೂಪುರದ ಕಡೆಯ ಯಾರೋ ಜಮೀನುದಾರರಿಂದ ಅಪ್ಪ ತಂದದ್ದು. ಅದರ ವೈಪರಿಗೆ ಕರೆಂಟಿನ ಹಂಗಿಲ್ಲ. ಎಂಜಿನ್ನು ಗಾಳಿ ಎಳೆದುಕೊಳ್ಳುತ್ತದಲ್ಲ, ಆ ಎಳೆತವೇ ಒಂದು ರಬ್ಬರ್ ಪೈಪಿನಲ್ಲಿ ಹಾದು, ಗಾಜಿನ ಬುಡದಲ್ಲಿರುವ ಸಣ್ಣ ಡಬ್ಬಿಯೊಳಗಿನ ತೊಗಲಿನ ರೆಕ್ಕೆಯನ್ನು ಅತ್ತಿತ್ತ ಆಡಿಸುತ್ತದೆ. ರೆಕ್ಕೆ ಆಡಿದರೆ ಹೊರಗೆ ವೈಪರ್ ಆಡುತ್ತದೆ. ತೊಗಲು ಒಣಗಬಾರದು, ಪೈಪು ಬಿರಿಯಬಾರದು, ಅಷ್ಟೇ. ಊರಿಗೆಲ್ಲ ಕಡ್ಲೆಕಾಯಿ ಎಣ್ಣೆ ಮಾರುತ್ತಿದ್ದ ಅಪ್ಪ ಇದಕ್ಕೆ ಮಾತ್ರ ಹರಳೆಣ್ಣೆ ಹಚ್ಚುತ್ತಿದ್ದರು. ನಮ್ಮ ಎಣ್ಣೆ ದಿನ ಕಳೆದಂತೆ ಗೋಂದಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಪೈಪಿನ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ಬಾಯಲ್ಲಿಟ್ಟು ಉಸಿರೆಳೆಯುವುದು ನನ್ನ ಕೆಲಸ. ತುಟಿಗೆ ಅಂಟಿಕೊಂಡು ನಿಂತರೆ ಪೈಪು ಗಟ್ಟಿಯಾಗಿದೆ ಎಂದರ್ಥ.

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಆ ಕಾರಿನ ಒಂದು ಚಾಳಿ ಏನೆಂದರೆ, ಆಕ್ಸಿಲರೇಟರ್ ಒತ್ತಿದಷ್ಟೂ ಎಳೆತ ಸತ್ತು ವೈಪರ್ ನಿಂತುಬಿಡುತ್ತದೆ. ಏರು ಬಂತೋ, ಕಥೆ ಮುಗಿಯಿತು. ಆಗ ಒಂದು ಚಣ ಕಾಲು ಎತ್ತಬೇಕು. ವೈಪರ್ ಓಡಿ ಗಾಜು ಒರೆಸುತ್ತದೆ, ಮತ್ತೆ ಒತ್ತಬೇಕು. ಕಾಲು ತೆಗೆ ಎಂಬುದನ್ನು ಅಪ್ಪ ತೆಲುಗಿನಲ್ಲೇ ಹೇಳುತ್ತಿದ್ದರು: "ಕಾಲು ತೀಯಮ್ಮ, ತೀಯಿ." ಆ ಕಾರಿನ ಗುಟ್ಟೆಲ್ಲ ಇಷ್ಟೇ.

ಅಪ್ಪ ತೀರಿಕೊಂಡರು. ತಿಥಿಯ ದಿನ ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದಾಗ ನಾನು ಅಣ್ಣನನ್ನು ಕೇಳಿದೆ, ಮಿಲ್ಲು, ಮನೆ ಏನೂ ಬೇಡ, ಕಾರೊಂದು ನನಗಿರಲಿ ಎಂದು. ಅಣ್ಣ ಸಾರು ಕಲಸುತ್ತಲೇ ಅಂದ:

"ನೀನು ಗ್ಲಾಸ್ ಒರೆಸ್ಕಂಡಿದ್ದೆ ಅಷ್ಟೇ ಕಣಮ್ಮ. ಒರೆಸೋರಿಗೆಲ್ಲ ಕಾರು ಕೊಡಕ್ಕಾಯ್ತದಾ?"

ಸಾಲಿಗೆ ಸಾಲೇ ನಕ್ಕಿತು. ಕಾರು ಅಣ್ಣನ ಹಿಂದೆ, ಅವನು ಮನೆ ಮಾಡಿದ್ದ ಸಿರಾಕ್ಕೆ ಹೋಯಿತು. ನಾನು ಮಧುಗಿರಿಗೆ, ನನ್ನ ಗಂಡನ ಮನೆಗೆ, ಬಸ್ಸಿನಲ್ಲಿ ಬಂದೆ. ಕಾಲ ಎಲ್ಲ ಮರೆಸುತ್ತದೆ ಅನ್ನುತ್ತಾರೆ. ನನಗೆ ಮರೆಸಲಿಲ್ಲ, ಮರೆಸಲಿ ಎಂದು ನಾನು ಬೇಡಿಕೊಳ್ಳಲೂ ಇಲ್ಲ. ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಆ ಮಾತನ್ನು ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೋದ ವರ್ಷ ಅಣ್ಣನ ಮಗನ ಮದುವೆ ಗೊತ್ತಾಯಿತು, ಹೆಣ್ಣು ಕೊರಟಗೆರೆಯದು. ಮದುಮಗನನ್ನು ಆ ಕಾರಿನಲ್ಲಿ ಕೂರಿಸಿ ತಾನೇ ಓಡಿಸಿಕೊಂಡು ಹೋಗಬೇಕೆಂದು ಅಣ್ಣನಿಗೆ ಆಸೆ. ವೈಪರ್ ಮಾತ್ರ ಅಲ್ಲಾಡುತ್ತಿಲ್ಲ. ಆಗ ನನ್ನ ನೆನಪಾಯಿತು, ಫೋನು ಬಂತು. ನಾನು ಹೋಗಿ ಡಬ್ಬಿ ಬಿಚ್ಚಿದರೆ, ಎಣ್ಣೆ ಮಿಲ್ಲಿನ ಮಗ ಒಳಗೆ ಧಾರಾಳವಾಗಿ ಕಡ್ಲೆಕಾಯಿ ಎಣ್ಣೆ ಹುಯ್ದಿದ್ದ. ರೆಕ್ಕೆ ಡಬ್ಬಿಗೆ ಅಂಟಿಕೊಂಡಿತ್ತು. ಕೆರೆದು, ಒರೆಸಿ, ತೊಗಲನ್ನು ಹರಳೆಣ್ಣೆಯಲ್ಲಿ ನೆನೆಹಾಕಿ, ಹೊಸ ಪೈಪು ಸಿಕ್ಕಿಸಿದೆ. ಅಂಗಳದಲ್ಲೇ ಎಂಜಿನ್ ಆನ್ ಮಾಡಿ ತೋರಿಸಿದೆ, ವೈಪರ್ ಕುಣಿಯಿತು. ಅಣ್ಣ ಖುಷಿಯಾಗಿ, ಇವಳಿಗೆ ಒರೆಸೋ ಕೆಲಸ ಚೆನ್ನಾಗಿ ಬರ್ತದೆ ಎಂದು ಅತ್ತಿಗೆಯ ತವರಿನವರ ಮುಂದೆ ಮತ್ತೆ ಅಂದ. ಏರಿನಲ್ಲಿ ಕಾಲು ತೆಗೆಯಬೇಕು ಎಂದು ಹೇಳಲು ಬಾಯಿ ತೆರೆದಿದ್ದೆ. ಆ ಮಾತು ಕೇಳಿ ಮುಚ್ಚಿಕೊಂಡೆ.

ಸಿರಾದಿಂದ ವರಪೂಜೆಗೆ ಹೊರಟೆವು. ಅಣ್ಣ ಪೇಟ ಸುತ್ತಿ, ಶಲ್ಯ ಹೊದ್ದು ಸ್ಟೇರಿಂಗ್ ಹಿಡಿದಿದ್ದ. ಹಿಂದೆ ಮದುಮಗ, ಅವನ ಒಂದು ಪಕ್ಕ ಅತ್ತಿಗೆ, ಇನ್ನೊಂದು ಪಕ್ಕ ನಾನು. ಮಧುಗಿರಿ ದಾಟುತ್ತಿದ್ದಂತೆ ಮಳೆ ಹಿಡಿಯಿತು. ನಮ್ಮ ಸೀಮೆಯ ಮಳೆ ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸುತ್ತದೆ. ಏರು ಬಂತು, ಅಣ್ಣ ಒತ್ತಿದ, ವೈಪರ್ ನಡುಗಾಜಿನಲ್ಲಿ ನಿಂತಿತು. ಹೆದರಿ ಕಾರು ನಿಲ್ಲಿಸಿದ, ವೈಪರ್ ಹುಚ್ಚು ಹಿಡಿದಂತೆ ಓಡಿತು. ಮತ್ತೆ ಒತ್ತಿದ, ಮತ್ತೆ ನಿಂತಿತು. "ನಿಂತ್ರೆ ಓಡ್ತದೆ, ಓಡಿದ್ರೆ ನಿಲ್ತದೆ, ಇದೇನ್ ದರಿದ್ರ" ಎಂದು ಬೈದುಕೊಂಡ.

ಕೊನೆಗೆ ಕಿಟಕಿಯ ಗಾಜು ಇಳಿಸಿ, ಬಲಗೈ ಆಚೆ ಚಾಚಿ, ಶಲ್ಯದ ಜರಿಯಂಚಿನಿಂದ ಮುಂದಿನ ಗಾಜು ಒರೆಸುತ್ತ ಎತ್ತಿನ ಗಾಡಿಯ ವೇಗದಲ್ಲಿ ಏರತೊಡಗಿದ. ಪೇಟ ನೆಂದು ಅದರ ಬಣ್ಣ ಕೆನ್ನೆಯ ಮೇಲೆ ಇಳಿಯಿತು. ನಾನು ಸೀಟಿಗೆ ಒರಗಿ ಕೂತು ನೋಡಿದೆ. ಎರಡು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹೆಣ್ಣಿನ ಕಡೆಯಿಂದ ಫೋನಿನ ಮೇಲೆ ಫೋನು. ಮದುಮಗ ನನ್ನ ಕೈ ಹಿಡಿದು, ಅತ್ತೆ, ನೀವೇ ಏನಾದರೂ ಮಾಡಿ ಎಂದ. ಅಣ್ಣ ಕಾರು ಬದಿಗೆ ನಿಲ್ಲಿಸಿದ, ಆದರೆ ತಿರುಗಿ ನೋಡಲಿಲ್ಲ.

"ಓಡಿಸ್ತೀನಿ ಕಣಣ್ಣ," ಅಂದೆ. "ಆದ್ರೆ ಕೀ ವಾಪಸ್ ಕೊಡಕಿಲ್ಲ."

ಮಳೆ ಸದ್ದು ಮಾಡುತ್ತಿತ್ತು. ಅತ್ತಿಗೆ, "ಒಪ್ಕಳಿ ಅಂದ್ರೆ" ಎಂದಳು. ಅಣ್ಣ ತಲೆಯಾಡಿಸಿ ಪಕ್ಕದ ಸೀಟಿಗೆ ಸರಿದ. ನಾನು ರೇಷ್ಮೆ ಸೀರೆ ಎತ್ತಿ ಕಟ್ಟಿ, ಮಳೆಯಲ್ಲೇ ಇಳಿದು ಹೋಗಿ ಸ್ಟೇರಿಂಗ್ ಮುಂದೆ ಕೂತೆ. ಒತ್ತಿದೆ, ಕಾಲು ತೆಗೆದೆ, ಒತ್ತಿದೆ, ಕಾಲು ತೆಗೆದೆ. ತೆಗೆದಾಗೆಲ್ಲ ವೈಪರ್ ಓಡಿ ಗಾಜು ಒರೆಸಿತು. ಕಾರು ಸಲೀಸಾಗಿ ಏರಿತು.

ಅಣ್ಣ ನನ್ನ ಪಾದವನ್ನೇ ನೋಡುತ್ತಿದ್ದ. ಏರು ಮುಗಿದ ಮೇಲೆ, "ಗೊತ್ತಿದ್ದೂ ಯಾಕಮ್ಮ ಯೋಳ್ಲಿಲ್ಲ?" ಅಂದ.

"ನಾನು ಗ್ಲಾಸ್ ಒರೆಸೋಳು. ಕಾರು ಓಡ್ಸೋ ವಿಷ್ಯ ನಂಗೇನ್ ಗೊತ್ತು?"

ಐದು ನಿಮಿಷಕ್ಕೆ ನಮ್ಮೆಲ್ಲರ ಉಸಿರಿಗೆ ಗಾಜಿನ ಒಳಬದಿ ಮಂಜು ಕಟ್ಟಿತು. ವೈಪರ್ ಹೊರಗಷ್ಟೇ ಒರೆಸುತ್ತದೆ, ಒಳಗಿನದಕ್ಕೆ ಕೈಯೇ ಬೇಕು. ನಾನು ರಸ್ತೆಯಿಂದ ಕಣ್ಣು ತೆಗೆಯದೆ, "ಒರೆಸು" ಅಂದೆ.

ಅಣ್ಣ ಶಲ್ಯ ಹಿಂಡಿಕೊಂಡು ಕೊರಟಗೆರೆಯವರೆಗೂ ಒರೆಸಿದ.