ಆನಂದಿಸಿ ಎನ್ನದ ಅಂಕಯ್ಯ

ಕೆರಗೋಡಿನ ಟೆಂಟ್ ಸಿನಿಮಾಕ್ಕೆ ಜನರನ್ನು ಕರೆಯುವ ಕೆಲಸ ಅಂಕಯ್ಯನದು. ಗಾಡಿ ನನ್ನದು, ಕುದುರೆ ನನ್ನದು, ಬಾಯಿ ಮಾತ್ರ ಅವನದು. ಜಟಕಾದ ಎರಡು ಪಕ್ಕಕ್ಕೂ ಪೋಸ್ಟರು ಅಂಟಿಸಿದ ತಟ್ಟಿ ಕಟ್ಟಿಕೊಂಡು, ಬ್ಯಾಟರಿ ಮೈಕು ಇಟ್ಟುಕೊಂಡು, ಎಪ್ಪತ್ತೆರಡನೇ ಇಸವಿಯಿಂದ ಆರು ವರ್ಷ ನಾವು ಸುತ್ತದ ಬೀದಿ ಇರಲಿಲ್ಲ. ನಾನು ಓದಿರುವುದು ಮೂರನೇ ಕ್ಲಾಸು. ಅವನು ಐದು ಓದಿದ್ದ. ಹಾಗಾಗಿ ಹ್ಯಾಂಡ್‌ಬಿಲ್ಲು ಓದುವುದು ಅವನ ಪಾಲಿಗೆ ಬಂತು.

ಯಾವ ಪಿಚ್ಚರೇ ಆಗಲಿ, ಹ್ಯಾಂಡ್‌ಬಿಲ್ಲಿನ ಕೊನೆಯಲ್ಲಿ ಎರಡು ಮಾತು ಇದ್ದೇ ಇರುತ್ತಿತ್ತು: ‘ನೋಡಿ, ಆನಂದಿಸಿ.’ ತನಗೆ ಹಿಡಿಸಿದ ಪಿಚ್ಚರಿಗೆ ಅಂಕಯ್ಯ ಎರಡನ್ನೂ ಹೇಳುತ್ತಿದ್ದ. ಹಿಡಿಸದಿದ್ದರೆ ‘ನೋಡಿ’ ಅಂದು ಮೈಕು ಆರಿಸುತ್ತಿದ್ದ. ಅಷ್ಟೆ. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ.

ಮೊದಲಿಗೆ ಅವನೂ ಎಲ್ಲರ ಹಾಗೆ ಪೂರ್ತಿ ಓದುತ್ತಿದ್ದವನೇ. ಒಂದು ಸಲ ಹೊಂಬಾಳಮ್ಮ ಅನ್ನುವ ಹೆಂಗಸು ಗಾಡಿಗೆ ಅಡ್ಡ ನಿಂತಳು. ಮೂರು ಮೈಲಿ ಆಚೆಯ ಹಳ್ಳಿಯವಳು, ಬೆನ್ನು ಬಾಗುವಷ್ಟು ಬೇಸಾಯ ಇದ್ದ ಮನೆಯ ಸೊಸೆ.

“ಏನಣ್ಣ, ನೀನ್ ಆನಂದ್ಸಿ ಅಂತ ಬಡ್ಕಂಡಿದ್ದು ಕೇಳಿ ಓಗಿದ್ದೆ ಕಣಣ್ಣ. ಒಂದ್ ನಗು ಇಲ್ಲ, ಒಂದ್ ಅಳು ಇಲ್ಲ, ಬರೀ ಕುದ್ರೆ ಓಡ್ತವೆ. ನಮ್ಮತ್ತೆ ವರ್ಸಕ್ಕೆ ಒಂದ್ ಪಿಚ್ಚರ್‌ಗೆ ಬುಡೋದು. ಈ ವರ್ಸದ್ದು ನೀನ್ ಕೆಡಿಸ್ಬುಟ್ಟೆ.”

ಅಂಕಯ್ಯ ಅವತ್ತು ಉಳಿದ ದಾರಿಯುದ್ದಕ್ಕೂ ಮೈಕು ಹಿಡಿಯಲಿಲ್ಲ. ಅಲ್ಲಿಂದಾಚೆಗೆ ಹೊಸ ಪಿಚ್ಚರಿನ ಮೊದಲ ದಿನ ಬರೀ ಹೆಸರು, ಊರು, ಆಟದ ಹೊತ್ತು ಹೇಳುವುದು. ಅವತ್ತು ಸಂಜೆ ತಾನೇ ಕೂತು ನೋಡುವುದು. ಮಾರನೇ ದಿನದಿಂದ ‘ನೋಡಿ’ಯೋ, ‘ನೋಡಿ, ಆನಂದಿಸಿ’ಯೋ ಎಂದು ತೀರ್ಮಾನ ಮಾಡುವುದು. ಒಂದು ಸುಗ್ಗಿ ಕಳೆಯುವುದರೊಳಗೆ ಈ ಗುಟ್ಟು ಹಳ್ಳಿಗಳಿಗೆಲ್ಲ ತಿಳಿದುಹೋಯಿತು. ಗಾಡಿ ಬಂದರೆ ಜನ ಮೊದಲಿನದನ್ನೆಲ್ಲ ಬಿಟ್ಟು ಕಡೆಯ ಮಾತಿಗೆ ಕಿವಿ ಕೊಡುತ್ತಿದ್ದರು. ತಿಳಿಯದೆ ಇದ್ದವರೆಂದರೆ ಟೆಂಟಿನ ಧಣಿ ಸಂಪತ್ ಕುಮಾರ ಅವರೊಬ್ಬರೇ. ಅವರಿದ್ದದ್ದು ಮಂಡ್ಯದಲ್ಲಿ.

ಅಂಕಯ್ಯನಿಗೆ ಸಿನಿಮಾ ಅಂದರೆ ಜೀವ. ಹಾಗೆಂದು ಎಲ್ಲಕ್ಕೂ ತಲೆಯಾಡಿಸುವ ಪೈಕಿ ಅಲ್ಲ. ಹೊಡೆದಾಟದ ಪಿಚ್ಚರುಗಳ ಬಗ್ಗೆಯಂತೂ ಅವನದೊಂದು ಕಾನೂನೇ ಇತ್ತು. ಏಟು ತಿನ್ನದವನು ಹೀರೋ ಅಲ್ಲ, ಬಂಡೆ. ಹತ್ತು ಜನಕ್ಕೆ ಹೊಡೆದ ಮೇಲೆ ಏದುಸಿರು ಬಿಡಬೇಕು. ಖಳನೂ ಒಂದು ಹೊತ್ತು ಉಣ್ಣುವುದನ್ನು ತೋರಿಸಬೇಕು, ಇಲ್ಲದಿದ್ದರೆ ಅವನಿಗೆ ಅಷ್ಟು ಸಿಟ್ಟು ಎಲ್ಲಿಂದ ಬರುತ್ತದೆ? ಇದನ್ನೆಲ್ಲ ಗಾಡಿಯ ಮೇಲೆ ಕೂತು ನನಗೆ ಹೇಳುವನು. ನಾನು ರೇಗುವೆ. ಅವನು ಇನ್ನೂ ಹೇಳುವನು.

ಎಪ್ಪತ್ತೇಳರಲ್ಲಿ ಧಣಿಗಳು ಹಾರುವ ಮನುಷ್ಯನ ಒಂದು ಹಿಂದಿ ಪಿಚ್ಚರು ತರಿಸಿದರು. ಕಣ್ಣಿಗೆ ಕಪ್ಪು ಪಟ್ಟಿ, ಬೆನ್ನಿಗೆ ಕೆಂಪು ಬಟ್ಟೆ, ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಾನೆ. ಆ ವರ್ಷ ಟೆಂಟಿಗೆ ಜನ ಕಮ್ಮಿ. “ಇದೂ ಓಡಲಿಲ್ಲ ಅಂದ್ರೆ ಟೆಂಟು ಬಿಚ್ಚಿ ಮಳವಳ್ಳಿ ಕಡೆ ಹೊರಟೆ” ಎಂದು ಧಣಿಗಳು ಹೇಳಿದ್ದರು. ಟೆಂಟು ಹೋದರೆ ಅಂಕಯ್ಯನ ಕೆಲಸವೂ ಹೋಯಿತು, ನನ್ನ ಬಾಡಿಗೆಯೂ ಹೋಯಿತು.

ಶುಕ್ರವಾರ ಸಂಜೆಯ ಆಟ ನೋಡಿ ಬಂದ ಅಂಕಯ್ಯ, ಶನಿವಾರ ಬೆಳಿಗ್ಗೆ ನಾನು ಕುದುರೆ ಕಟ್ಟುತ್ತಿದ್ದಾಗ ಮುಖ ಸಿಂಡರಿಸಿಕೊಂಡು ನಿಂತಿದ್ದ.

“ಆರ್ಲಿ ಕಣ್ಲಾ ಸಿದ್ದ, ಬ್ಯಾಡ ಅಂದೋರ್ಯಾರು? ಬೆಳ್ಳೂರು ಕೊಕ್ಕರೆ ನೋಡು. ಇಳೀವಾಗ ಎರಡು ಕಾಲೂ ಮುಂದಕ್ಕೆ ಚಾಚ್ತದೆ, ಕುಂತ್ರೆ ರೆಂಬೆ ಬಗ್ತದೆ. ಇವನು ಗುಡ್ಡದಿಂದ ಇಳುದ್ರೆ ಧೂಳೂ ಏಳಾಕಿಲ್ಲ. ತೂಕವೇ ಇಲ್ದಿರೋನು ಗುದ್ದುದ್ರೆ ಯಾವನಿಗ್ಲಾ ನೋವಾಯ್ತದೆ?”

“ಲೇ, ಅದು ಸಿನಿಮಾ ಕಣ್ಲಾ!”

“ಇರ್ಲಿ. ಎರಡು ಬೆರ್ಳಗಲ ಬಟ್ಟೆ ಕಣ್ಗೆ ಕಟ್ಕಂಡ್ರೆ ಎತ್ತವ್ವಂಗೇ ಮಗನ ಗುರ್ತು ಸಿಕ್ಕಾಕಿಲ್ವಂತೆ. ನಮ್ಮಟ್ಟಿ ಅಸ ಕತ್ಲಲ್ಲಿ ನನ್ ಕೆಮ್ಮು ಕೇಳೇ ಅಂಬಾ ಅಂತದೆ. ಸಿನಿಮಾದೋರು ಸುಳ್ಳು ಏಳ್ಲಿ, ನಮ್ಮನ್ನ ದಡ್ಡರು ಅಂದ್ಕಬಾರ್ದು.”

“ಹಂಗಾದ್ರೆ ಬರೀ ‘ನೋಡಿ’ನಾ? ಟೆಂಟು ಎತ್ತುದ್ರೆ ನಿನ್ ಹೆಂಡ್ತಿ ಮಕ್ಳು ಏನ್ ತಿಂತಾರ್ಲಾ, ಕೊಕ್ಕರೆನಾ?”

ಅವನು ಬಗ್ಗಿ ಪೋಸ್ಟರಿನ ತಟ್ಟಿಯ ಹಗ್ಗ ಬಿಗಿದ. ಆಮೇಲೆ, “ಒಂದ್ ಜಾಗ ಚೆಂದಾಗದೆ” ಅಂದ. “ಓಡಿ ಓಡಿ ಅವನ ಕಾಲ್ಗೆ ಮುಳ್ಳು ಚುಚ್ಕತದೆ. ಕಲ್ಲಿನ ಮೇಲೆ ಕುಂತು, ಕಾಲು ತೊಡೆ ಮೇಲಿಟ್ಕಂಡು, ಎಂಜಲು ಅಚ್ಚಿ ಕೀಳ್ತಾನೆ. ನಿಜ್ವಾಗ್ಲೂ ನೋವಾದೋನ್ ಥರಾನೇ ಮಾಡವ್ನೆ. ಅದೊಂದೇ.”

ಅಷ್ಟರಲ್ಲಿ ಮಂಡ್ಯದ ಬಸ್ಸಿಳಿದು ಧಣಿಗಳು ನೆಟ್ಟಗೆ ನಮ್ಮ ಹತ್ತಿರವೇ ಬಂದರು. ಯಾರೋ ಅವರಿಗೆ ಗುಟ್ಟು ಹೇಳಿದ್ದರು.

“ಏನಯ್ಯ ಅಂಕಯ್ಯ, ನನ್ನ ಅನ್ನ ತಿಂದುಕೊಂಡು ನನ್ನ ಪಿಚ್ಚರಿಗೇ ಕಲ್ಲು ಹಾಕ್ತೀಯಂತೆ? ಇವತ್ತು ನಾನೇ ಗಾಡೀಲಿ ಕೂತ್ಕೋತೀನಿ. ಕಡೇ ಅಕ್ಷರದವರೆಗೂ ಓದಬೇಕು. ಒಂದು ಬಿಟ್ರೂ ಅಲ್ಲೇ ಇಳಿದು ಮನೆಗೆ ಹೋಗ್ತಿರು.”

ಬಿಳಿ ಪಂಚೆ ಮೇಲೆತ್ತಿಕೊಂಡು ಹತ್ತಿ ಕೂತರು. ಹೊರಟೆವು. ಮೊದಲ ಎರಡು ಊರುಗಳಲ್ಲಿ ಮೈಕು ಕೆಟ್ಟಿದೆ ಎಂದು ಅಂಕಯ್ಯ ತಪ್ಪಿಸಿಕೊಂಡ. ಮೂರನೆಯ ಊರಿನಲ್ಲಿ ಧಣಿಗಳೇ ಸ್ವಿಚ್ಚು ಹಾಕಿ ಊದಿ ನೋಡಿದರು. ಮೈಕು ಸರಿಯಾಗಿತ್ತು.

ರಾಗಿ ಮಿಲ್ಲಿನ ಮುಂದೆ ಗಾಡಿ ನಿಂತಿತು. ಹಿಟ್ಟು ಮಾಡಿಸಲು ಬಂದ ಹೆಂಗಸರು ಸಾಲಾಗಿ ಕೂತಿದ್ದರು. ಅವರ ನಡುವೆ ಹೊಂಬಾಳಮ್ಮ. ಮಿಲ್ಲಿನವನು ಯಂತ್ರ ನಿಲ್ಲಿಸಿದ.

“ಅಂಕಯ್ಯಣ್ಣ, ನಮ್ಮತ್ತೆ ಊ ಅಂದವ್ಳೆ ಕಣಣ್ಣ” ಎಂದಳು ಅವಳು. “ಈಗ್ ಏಳು, ಆನಂದ್ಸ್ಬೇಕೋ, ಬ್ಯಾಡ್ವೋ?”

ಧಣಿಗಳು ಅಂಕಯ್ಯನ ಮುಖವನ್ನೇ ನೋಡುತ್ತಿದ್ದರು. ಅವನು ಹ್ಯಾಂಡ್‌ಬಿಲ್ಲು ಬಿಚ್ಚಿ ಓದಿದ. ನಟರ ಹೆಸರು, ಹಾಡು, ಹೊಡೆದಾಟ, ಆಟದ ಹೊತ್ತು, ಎಲ್ಲ. ಕೊನೆಗೆ ಬಂದ. ಗಂಟಲು ಸರಿಮಾಡಿಕೊಂಡ.

“ಮಹಾಜನಗಳೇ, ಹೀರೋ ಕಲ್ಲಿನ ಮೇಲೆ ಕೂತು ಕಾಲಿನ ಮುಳ್ಳು ಕೀಳುವುದನ್ನು ನೋಡಿ, ಆನಂದಿಸಿ. ಮಿಕ್ಕಿದ್ದನ್ನು ನೋಡಿ.”

ಹೆಂಗಸರು ಕಿಸಕ್ಕನೆ ನಕ್ಕರು. ಧಣಿಗಳ ಮುಖ ಕೆಂಪಾಯಿತು. “ಇಳೀ ಕೆಳಗೆ!” ಎಂದು ಮೈಕು ಕಿತ್ತುಕೊಂಡರು. ಅಂಕಯ್ಯ ಇಳಿದ.

ನನಗೆ ಕೋಪ ಬಂದರೆ ಮೊದಲು ಬಾಯಿ ಓಡುತ್ತದೆ, ಹೊಟ್ಟೆಪಾಡು ಆಮೇಲೆ ನೆನಪಾಗುತ್ತದೆ. “ಸಾಮಿ, ಕಾಗ್ದದಲ್ಲಿರೋ ಅಕ್ಷರ ಒಂದಾದ್ರೂ ಬುಟ್ನಾ ಅವನು? ಎಲ್ಲಾ ಓದವ್ನೆ. ಅವನು ಇಳುದ್ರೆ ನನ್ ಕುದ್ರೇನೂ ನಡಿಯಾಕಿಲ್ಲ” ಎಂದು ಲಗಾಮು ಬಿಸಾಡಿದೆ. ಧಣಿಗಳು ಇಳಿದು, ಬಿಸಿಲಲ್ಲಿ ಕೊಡೆಯಿಲ್ಲದೆ ಕೆರಗೋಡಿಗೆ ನಡೆದು ಹೋದರು.

ಅವತ್ತು ಸಂಜೆ ಅಂಕಯ್ಯ ಟಿಕೆಟ್ಟು ಕೊಂಡು ನೆಲದಲ್ಲಿ ಕೂತ. ಐದು ವರ್ಷದಲ್ಲಿ ಅವನು ಟಿಕೆಟ್ಟು ಕೊಂಡದ್ದು ಅದೇ ಮೊದಲು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಕೆಲಸ ಹೋದವರು. ಆದರೆ ಮಿಲ್ಲಿನ ಮುಂದೆ ಆಡಿದ ಮಾತು ಊರೂರಿಗೆ ಹಬ್ಬಿ ಜನ ಬರುತ್ತಲೇ ಇದ್ದರು. ಹೆಂಗಸರ ಕಡೆ ಜಾಗ ಸಾಲದೆ ನಡುವಿನ ಹಗ್ಗವನ್ನು ಗಂಡಸರ ಕಡೆಗೆ ಸರಿಸಿ ಕಟ್ಟಬೇಕಾಯಿತು. ಪಿಚ್ಚರು ಶುರುವಾಗಿ ಹೀರೋ ಹಾರಿದಾಗ ಯಾರೂ ಸಿಳ್ಳೆ ಹಾಕಲಿಲ್ಲ. “ಮುಳ್ಳು ಯಾವಾಗ?” ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವನು ಕುಂಟುತ್ತಾ ಬಂದು ಕಲ್ಲಿನ ಮೇಲೆ ಕೂತಾಗ ಇಡೀ ಟೆಂಟು ಗಪ್‌ಚಿಪ್. ಮುಳ್ಳು ಹೊರಗೆ ಬಂದದ್ದೇ ತಡ, ಚಪ್ಪಾಳೆ, ಸಿಳ್ಳೆ. “ಇನ್ನೊಂದ್ ಸಲ ಆಕ್ರೀ!” ಎಂದು ಹೆಂಗಸರ ಕಡೆಯಿಂದ ಕೂಗು. ಒಳ್ಳೆಯ ಹಾಡು ಬಂದಾಗ ಹೀಗೆ ಕೇಳುವುದುಂಟು. ಮುಳ್ಳಿಗೆ ಕೇಳಿದ್ದು ನಾನು ಕಂಡಿಲ್ಲ. ಪಿಚ್ಚರು ಓಡಿಸುವ ಮಿಷಿನ್ನಿನ ಚಿಕ್ಕಮಾದು ಧಣಿಗಳ ಕಡೆ ನೋಡಿದ. ಅವರು ಕೈ ಬೀಸಿದರು. ರೀಲು ಹಿಂದಕ್ಕೆ ಸುತ್ತಿ, ಮತ್ತೆ ಹಾಕಿದ.

ಆಟ ಮುಗಿದು ಹೊರಗೆ ಬರುವಾಗ ಧಣಿಗಳು ಗೇಟಿನಲ್ಲಿ ನಿಂತಿದ್ದರು.

“ನಾಳೆ ಗಾಡಿ ಕಟ್ಟಿ” ಎಂದರು ನನಗೆ. ಅಂಕಯ್ಯನ ಕಡೆ ತಿರುಗದೆಯೇ, “ಇನ್ನು ಮೇಲೆ ಪ್ರತಿ ಪಿಚ್ಚರಲ್ಲೂ ಒಂದಾದರೂ ಆನಂದಿಸೋ ಜಾಗ ಹುಡುಕಿ ಹೇಳಬೇಕು” ಎಂದರು.

“ಸಿಕ್ಕದೆ ಓದ್ರೆ ಸಾಮಿ?”

“ಸಿಕ್ಕೋವರೆಗೂ ನೋಡು. ಟಿಕೆಟ್ ಬೇಡ.”

ಬರೀ ‘ನೋಡಿ’ ಅಂದು ಮೈಕು ಆರಿಸುವ ಸುಖ ಅಂಕಯ್ಯನಿಗೆ ಅಲ್ಲಿಗೆ ಮುಗಿಯಿತು. ಮುಂದಿನ ವಾರದ ಪಿಚ್ಚರನ್ನು ಪಾಪದವನು ಮೂರು ದಿನ ಕೂತು ನೋಡಿದ. ನಾಲ್ಕನೇ ದಿನ ಕಣ್ಣು ಕೆಂಪು ಮಾಡಿಕೊಂಡು ಗಾಡಿ ಹತ್ತಿ, “ಹೀರೋಯಿನ್ ಹಿಂದೆ ಮೇಯುವ ಎಮ್ಮೆಯನ್ನು ನೋಡಿ, ಆನಂದಿಸಿ” ಎಂದ. ಜನ ಎಮ್ಮೆ ನೋಡಲು ಹೋದರು. ಹೊಂಬಾಳಮ್ಮ ವರ್ಷಕ್ಕೊಂದೇ ಎನ್ನುತ್ತಿದ್ದ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದಳಂತೆ. ಮಿಲ್ಲಿನ ಮುಂದೆ ಮತ್ತೆ ಗಾಡಿ ತಡೆದಳು.

“ಅದು ಗೊಡ್ಡೆಮ್ಮೆ ಕಣಣ್ಣ. ಕೆಚ್ಚಲು ನೋಡ್ಲಿಲ್ವಾ ನೀನು?”

ಅಂಕಯ್ಯ ಮೈಕು ಆರಿಸಿದ. “ನೋಡ್ಲಿಲ್ಲ ಕಣವ್ವ, ತಪ್ಪಾಯ್ತು” ಎಂದು ಒಪ್ಪಿಕೊಂಡ. ಅವತ್ತು ಸಂಜೆ ಅದೇ ಪಿಚ್ಚರಿಗೆ ನಾಲ್ಕನೇ ಸಲ ಹೋದ.