ಸೀರೆ ಉಟ್ಟ ಸಿಲಿಂಡರ್

ಕಳೆದ ವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ನಮ್ಮ ಲೇಔಟ್‌ನಲ್ಲಿ ಇದೂ ಒಂದು ಸುದ್ದಿಯೇ? ಅಲ್ಲ. ಆದರೆ ಫ್ಯಾನ್ ಪೂರ್ತಿ ನಿಲ್ಲುವ ಮೊದಲೇ ಮಹಡಿ ಮನೆಯ ಕಿರಣ್ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿ ಬಂದ. ಹಿಂದೆಯೇ ಎದುರು ಮನೆಯ ರತ್ನಮ್ಮ, ಕೈಯಲ್ಲೊಂದು ಹಳೇ ಸೀರೆ. (ಬಟ್ಟೆ ಮಡಚುತ್ತಿದ್ದವರು ಹಾಗೇ ಎದ್ದು ಬಂದಿರಬೇಕು ಅಂದುಕೊಂಡೆ.)

ಕಿರಣ್ ಹಾಲಿಗೆ ನುಗ್ಗಿದವನು ಖಾಲಿ ಮಂಚ ನೋಡಿ ನಿಂತುಬಿಟ್ಟ.

"ಸಾರಿ ಅಂಕಲ್... ಅಭ್ಯಾಸ."

ನನ್ನ ಹೆಂಡತಿ ವಿಮಲಾ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ಅವಳಿಗಾಗಿ ಮಾಡಿಕೊಂಡಿದ್ದ ತಯಾರಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಅವಳ ಶ್ವಾಸಕೋಶ ಸೋತಿತ್ತು. ಆಕ್ಸಿಜನ್ ಕೊಡುವ ಮೆಷಿನ್ ಕರೆಂಟಿನಲ್ಲಿ ನಡೆಯುತ್ತದೆ. ಕರೆಂಟ್ ಹೋದರೆ ಇರಲಿ ಅಂತ ಒಂದು ಸಿಲಿಂಡರ್ ತಂದಿಟ್ಟಿದ್ದೆವು. ಹಾಲಿನ ಮೂಲೆಯಲ್ಲಿ ಅಷ್ಟೆತ್ತರದ ಕಬ್ಬಿಣ. ಬಂದು ಹೋಗುವವರು ಏನಂದುಕೊಳ್ಳುತ್ತಾರೆ? ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶಕ್ಕೆ ಸೀರೆ ಉಡಿಸುವುದರಲ್ಲಿ ವಿಮಲಾ ಎತ್ತಿದ ಕೈ. ಸಿಲಿಂಡರಿಗೂ ಒಂದು ಹಸಿರು ಸೀರೆ ಉಡಿಸಿದಳು. ನೆರಿಗೆ ಸಮೇತ.

ಆಸ್ಪತ್ರೆಯಿಂದ ಮನೆಗೆ ಬಂದ ನರ್ಸ್ ಶೋಭಾ ಬಾಗಿಲಲ್ಲೇ ನಿಂತು ನೋಡಿದರು.

"ಹಬ್ಬ ಇನ್ನೂ ದೂರ ಇದೆಯಲ್ಲಾ ಆಂಟಿ? ಪುಣ್ಯಕ್ಕೆ ದೀಪ ಹಚ್ಚಿಲ್ಲ. ಇದರ ಹತ್ರ ಬೆಂಕಿ ತರಂಗಿಲ್ಲ!"

ಬಿಪಿ ನೋಡಿ ಹೊರಡುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕೂತು, "ಈಗ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಏನ್ ಮಾಡ್ತೀರಾ, ಮಾಡಿ ತೋರ್ಸಿ" ಎಂದರು.

ನಾನು ಮಾಡಿದ್ದೇನು? ಕರೆಂಟ್ ಆಫೀಸಿಗೆ ಫೋನ್. (ಎಂಗೇಜ್.) ವಿಮಲಾ ಸೀರೆಯ ಪಿನ್ನುಗಳನ್ನು ಜೋಪಾನವಾಗಿ ಬಿಚ್ಚಿದಳು. ಸಿಲಿಂಡರ್ ತೆರೆಯುವ ಕೀ ಬೀರುವಿನ ಲಾಕರಿನಲ್ಲಿ, ಚಿನ್ನದ ಜೊತೆ. ಬೀರುವಿನ ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ. ಬೆಲೆಬಾಳುವುದನ್ನು ನಾವು ಕೈಗೆ ಸಿಗುವ ಹಾಗೆ ಇಡುತ್ತೇವೆಯೇ?

"ಕಳ್ಳರು ಮೆಚ್ಕೋತಾರೆ ಅಂಕಲ್, ಆಂಟಿ ಮೆಚ್ಚೋದು ಕಷ್ಟ" ಎಂದರು ಶೋಭಾ.

ದೇವರಮನೆಯಲ್ಲಿದ್ದ ಹೂವಿನ ದಾರ ತೆಗೆದು ಕೀಯನ್ನು ಸಿಲಿಂಡರಿನ ಕುತ್ತಿಗೆಗೇ ಕಟ್ಟಿದರು. ಆಮೇಲೆ ನಮ್ಮನ್ನು ಕೇಳದೆ ಮಹಡಿಗೆ ಹೋದರು, ಎದುರು ಮನೆ ಬೆಲ್ ಒತ್ತಿದರು. ಕಿರಣ್‌ಗೂ ರತ್ನಮ್ಮನಿಗೂ ಕೀ ತಿರುಗಿಸುವುದು, ಮಾಸ್ಕ್ ಹಾಕುವುದು ಹೇಳಿಕೊಟ್ಟರು. ವಿಮಲಾ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಕೂತಿದ್ದಳು. "ಬೀದಿಗೆಲ್ಲಾ ಡಂಗುರ ಹೊಡೆದಂಗಾಯ್ತಲ್ರೀ!"

ಮುಂದೊಂದು ಮಳೆಯ ಸಂಜೆ ನಿಜವಾಗಿಯೇ ಕರೆಂಟ್ ಹೋದಾಗ, ನಾನು ಚಪ್ಪಲಿ ಹುಡುಕುತ್ತಿದ್ದೆ, ಕಿರಣ್ ಕೀ ತಿರುಗಿಸಿ ಆಗಿತ್ತು. ಮಾಸ್ಕಿನ ಒಳಗಿನಿಂದ ವಿಮಲಾಳ ದನಿ: "ಆ ಹುಡುಗನಿಗೆ ಕಾಫಿ ಕೊಡ್ರೀ."

ಅವಳು ಹೋದದ್ದು ದೊಡ್ಡ ಆಸ್ಪತ್ರೆಯಲ್ಲಿ, ನ್ಯುಮೋನಿಯಾದಿಂದ. ಅಲ್ಲಿ ದೊಡ್ಡ ಜನರೇಟರ್ ಇತ್ತು. ಕರೆಂಟ್ ಒಮ್ಮೆಯೂ ಹೋಗಲಿಲ್ಲ.

ಇರಲಿ. ಕಳೆದ ವಾರಕ್ಕೆ ಬರುತ್ತೇನೆ. ಕಿರಣ್ ತಲೆ ತಗ್ಗಿಸಿ ಹೊರಟ. ರತ್ನಮ್ಮ ಹೊರಡಲಿಲ್ಲ. ಅವನು ಮೆಟ್ಟಿಲು ಹತ್ತಿ ಹೋಗುವವರೆಗೂ ಕಾದು, ದನಿ ತಗ್ಗಿಸಿದರು.

"ಅಣ್ಣಾ, ಆ ಸಿಲಿಂಡರ್ ಇದೆಯಾ? ನಮ್ಮ ಮಾವನಿಗೂ ಮೆಷಿನ್ ಬಂದಿದೆ. ಈಗ ನಿಂತೋಯ್ತು. ಉಸಿರು ಎಳೀತಿದ್ದಾರೆ."

"ಶೋಭಾ ಸಿಸ್ಟರ್ ಬಂದಿರಲಿಲ್ವಾ ನಿಮ್ಮನೆಗೆ?"

"ಬರ್ತೀನಿ ಅಂದ್ರು. ನಾವೇ ಬೇಡ ಅಂದ್ವಿ. ಮಗಳಿಗೆ ಗಂಡು ನೋಡ್ತಿದ್ದೀವಲ್ಲ... ಮನೆಗೆ ನರ್ಸ್ ಓಡಾಡಿದ್ರೆ ಕಾಯಿಲೆ ಮನೆ ಅಂದ್ಬಿಡ್ತಾರೆ."

ನಮ್ಮ ಮನೆಗೆ ಓಡಿ ಬರುವುದನ್ನು ಕಲಿತ ಅದೇ ರತ್ನಮ್ಮ! ನಾನು ಸಿಲಿಂಡರ್ ಮುಂದಕ್ಕೆಳೆದೆ. ಅವರು ಕೈಯಲ್ಲಿದ್ದ ಸೀರೆ ಬಿಡಿಸಿ ಅದಕ್ಕೆ ಸುತ್ತತೊಡಗಿದರು. ಆಗ ಅರ್ಥವಾಯಿತು, ಸೀರೆ ಯಾಕೆ ಬಂದಿದೆ ಎಂದು.

ಸೀರೆಯನ್ನು ಕಿತ್ತು ಅವರ ಹೆಗಲಿಗೆ ಹಾಕಿದೆ. ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಕಿರಣ್! ಬಾರಪ್ಪಾ, ರತ್ನಮ್ಮೋರ ಮನೆಗೆ ಆಕ್ಸಿಜನ್ ಹೊರಬೇಕು!"

ಇಬ್ಬರೂ ಹೊತ್ತು ರಸ್ತೆ ದಾಟಿದೆವು. ಶೋಭಾಗೆ ಫೋನ್ ಮಾಡಿ, ಅವರು ಹೇಳಿದಷ್ಟಕ್ಕೇ ಆಕ್ಸಿಜನ್ ಬಿಡುವ ಗುಂಡಿ ತಿರುಗಿಸಿದೆ. ಹೂವಿನ ದಾರದಲ್ಲಿ ಕೀ ಇನ್ನೂ ಹಾಗೇ ತೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಹಿರಿಯರ ಎದೆ ಸಮಾಧಾನಕ್ಕೆ ಬಂತು.

ರತ್ನಮ್ಮ ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದರು. ಗೇಟಿನ ಬಳಿ ಅಕ್ಕಪಕ್ಕದವರು ಸೇರಿದ್ದರು. "ಎಲ್ಲಾ ನೋಡ್ಬಿಟ್ರಲ್ಲಣ್ಣಾ!"

ನೋಡಲಿ ಬಿಡಮ್ಮಾ. ನಾಳೆ ಕರೆಂಟ್ ಹೋದರೆ ಓಡಿ ಬರುವವರು ನೋಡಿದವರೋ, ನೋಡದವರೋ?