ಮೊಟ್ಟೆ ತಿಂದ ಸೋದರಮಾವ

ನಮ್ಮಣ್ಣ ವಿಮಾನ ಹಾರಿಸುತ್ತಿದ್ದ. ಚೀನಾದವರ ಜೊತೆ ಒಂದು, ಪಾಕಿಸ್ತಾನದವರ ಜೊತೆ ಎರಡು, ಹೀಗೆ ಮೂರು ಯುದ್ಧ ಕಂಡವನು. ಧೈರ್ಯಕ್ಕೆಂದು ಸರ್ಕಾರ ಕೊಟ್ಟ ಪದಕಗಳು ಚಳ್ಳಕೆರೆಯ ಅವನ ಮನೆಯ ಬೀರುವಿನಲ್ಲಿ ಬನಿಯನ್ನುಗಳ ಕೆಳಗೆ ಇವೆ. ಹೋದ ವರ್ಷ ಅವನಿಗೆ ಸನ್ಮಾನ ಮಾಡಿದ ಕಾಲೇಜಿನವರು, ಅಣ್ಣನ ಧೈರ್ಯದ ಬಗ್ಗೆ ಎರಡು ಮಾತು ಹೇಳಿ ಅಜ್ಜಿ ಎಂದು ನನ್ನ ಬಾಯಿಗೆ ಮೈಕು ಹಿಡಿದರು. ಅವನು ಆಕಾಶದಲ್ಲಿ ಏನು ಮಾಡಿದನೋ ನಾನು ಕಂಡಿಲ್ಲ. ಕಾಣದ್ದನ್ನು ಹೇಳುವ ಅಭ್ಯಾಸವೂ ಇಲ್ಲ. ನಾನು ಕಂಡದ್ದು ನೆಲದ ಮೇಲೆ ನಡೆದದ್ದು, ಅದೂ ಮೊಟ್ಟೆಯ ವಿಷಯ. ಅದನ್ನು ಮೈಕಿನಲ್ಲಿ ಹೇಳುವಂತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಸಿದ್ದಾಪುರದ ಹತ್ತಿರದ ಹಟ್ಟಿಯಲ್ಲಿ, ಮದುವೆಯಾಗಿ ಹೋದದ್ದು ರಾಂಪುರದ ಆಚೆಯ ಹಟ್ಟಿಗೆ. ಎರಡೂ ಕಡೆ ಒಂದೇ ಕಟ್ಟಲೆ. ಸುತ್ತ ಮುಳ್ಳಿನ ಬೇಲಿ, ನಡುವೆ ಗುಡಿಸಲು, ಪಕ್ಕದಲ್ಲಿ ದೇವರ ದನಗಳ ರೊಪ್ಪ. ಕುರಿ ತಿನ್ನುತ್ತಿದ್ದೆವು, ಕೋಳಿ ಮಾತ್ರ ಇಲ್ಲ. ಸಾಕುವಂತಿಲ್ಲ, ಮುಟ್ಟುವಂತಿಲ್ಲ. ಅದರ ಪುಕ್ಕ ಗಾಳಿಗೆ ಹಾರಿಬಂದು ಬೇಲಿಯೊಳಗೆ ಬಿದ್ದರೂ ಗಂಜಲ ಚಿಮುಕಿಸುತ್ತಿದ್ದರು. ಯಾಕೆ ಎಂದರೆ ಹಿಂದಿನಿಂದ ಬಂದದ್ದು ಎನ್ನುತ್ತಿದ್ದರು. ನಾನೂ ಹೆಚ್ಚು ಕೇಳಲಿಲ್ಲ.

ಅಣ್ಣ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಶಾಲೆಗೆ ಬಂಡೆಗಳ ನಡುವೆ ಎರಡು ಮೈಲಿ ನಡೆಯಬೇಕಿತ್ತು. ಬಿಸಿಲಿಗೆ ಬಂಡೆ ಕಾದು ಅಂಗಾಲು ಸುಡುವುದು. ಅಂಥ ಕಡೆ ಅವನು ನನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಓಡುತ್ತಿದ್ದ. ಮಗ್ಗಿ ಹೇಳಿಸುವವನೂ ಅವನೇ, ತಪ್ಪಿದರೆ ಬಂಡೆಯ ಮೇಲೇ ಇಳಿಸಿಬಿಡುವವನೂ ಅವನೇ. ಹೆಚ್ಚಿನ ಓದಿಗೆ ಅವನು ಚಳ್ಳಕೆರೆಯ ಹಾಸ್ಟೆಲಿಗೆ ಹೋದ. ಹೊರುವವರು ಇಲ್ಲವಾಗಿ ನನ್ನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು. ನನಗೆ ಇನ್ನೊಬ್ಬ ಅಣ್ಣನೂ ಇದ್ದ, ಕುರಿ ಕಾಯುತ್ತಿದ್ದ. ಒಳ್ಳೆಯವನೇ. ಆದರೆ ಅವನು ನನ್ನನ್ನು ಒಂದು ದಿನವೂ ಹೊತ್ತಿರಲಿಲ್ಲ.

ನನ್ನ ಮೊದಲ ಮಗನಿಗೆ ಎರಡು ವರ್ಷ ತುಂಬಿದಾಗ ಜವಳ ಮಾಡಬೇಕಾಯಿತು. ಹುಟ್ಟುಗೂದಲು ಮೊದಲ ಸಲ ತೆಗೆಯುವಾಗ ಮಗು ಸೋದರಮಾವನ ಮಡಿಲಲ್ಲಿ ಕೂರಬೇಕು, ಕೂದಲು ಅವನ ಮಡಿಲಿಗೇ ಬೀಳಬೇಕು. ನನಗೆ ಬೇಕಾದದ್ದು ಹೊತ್ತ ಅಣ್ಣನ ಮಡಿಲು. ಎರಡನೇ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ರಜೆ ಹಾಕಿ ಬಾ ಎಂದು ಕಾಗದ ಬರೆದೆ. ಬಂದ. ಬಂದವನನ್ನು ಬೇಲಿಯ ಹೊರಗೇ ಕೂರಿಸಿದರು. ಪಟ್ಟಣದ ಊಟ ಮಾಡಿದವನನ್ನು ಹಟ್ಟಿಯ ಯಜಮಾನರು ವಿಚಾರಿಸದೆ ಒಳಗೆ ಬಿಡುವಂತಿರಲಿಲ್ಲ. ನಾನು ನವಣೆ ಅನ್ನ, ಸಾರು ತೆಗೆದುಕೊಂಡು ಅವನು ಕೂತ ಬೇವಿನ ಮರದ ಕೆಳಗೆ ಹೋದೆ.

"ನಾಳೆ ಯಜಮಾನ್ರು ಕೇಳ್ತಾರೆ. ಇಲ್ಲ ಅಂದ್ಬಿಡು," ಎಂದೆ.

"ಏನು ಇಲ್ಲ?"

"ಮೊಟ್ಟೆ ತಿಂದಿಲ್ಲ ಅಂತ. ನೀನು ಅಲ್ಲಿ ಏನು ತಿಂತೀಯ ಅಂತ ಯಾರು ನೋಡ್ಯಾರೆ?"

"ವಾರಕ್ಕೆ ಆರು ದಿನ ತಿಂತೀನಲ್ಲ ತಂಗೀ."

"ಅದಕ್ಕೇ ಸುಳ್ಳು ಹೇಳು ಅಂದಿದ್ದು. ತಿನ್ದೇ ಇದ್ರೆ ನಿಜಾನೇ ಹೇಳ್ಬೋದಿತ್ತಲ್ಲ."

ಅವನು ನಕ್ಕ. ಆಮೇಲೆ ಹೇಳಿದ: "ಹಾರಿ ಬಂದ ಮೇಲೆ ಮೇಲೇನಾತು ಅಂತ ನಾವು ಹೇಳ್ಬೇಕು. ನನ್ನ ತಪ್ಪಿದ್ರೂ ಹೇಳ್ಬೇಕು. ಮುಚ್ಚಿಟ್ರೆ ನಾಳೆ ಇನ್ನೊಬ್ಬ ಸಾಯ್ತಾನೆ. ಸುಳ್ಳಿನ ರೂಢಿ ತಪ್ಪೋಗೈತೆ ನಂಗೆ."

ಮರುದಿನ ಯಜಮಾನರು ಬಂದು ಕೂತರು. ಕೇಳಿದರು. ತಿಂತೀನಿ ಎಂದ. ಯಜಮಾನರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು.

"ಏಮಪ್ಪಾ, ಎಂತ ಚದುವಿತೇ ಏಮಿ?" ಎಂದರು. ಎಷ್ಟು ಓದಿದರೇನು ಬಂತು ಎಂದು. ಮತ್ತೆ ಕನ್ನಡಕ್ಕೆ ಇಳಿದರು. "ಆಗ್ಲಿ. ಎಕ್ಕದ ಕಡ್ಡಿ ಕಾಯ್ಸಿ ನಾಲಿಗೆ ಮುಟ್ಟುಸ್ತೀವಿ, ಶುದ್ಧ ಆಗ್ತೀಯ. ಆದ್ರೆ ಇನ್ನು ಮೇಲೆ ತಿನ್ನಲ್ಲ ಅಂತ ದೇವ್ರ ಮುಂದೆ ಮಾತು ಕೊಡ್ಬೇಕು."

ಇಷ್ಟೇ ತಾನೆ ಎಂದುಕೊಂಡು ನಾನು ಜವಳಕ್ಕೆ ಬಂದು ಕೂತಿದ್ದ ಕ್ಷೌರಿಕನ ಕಡೆ ನೋಡಿದೆ. ಅಣ್ಣ ತಲೆ ಅಲ್ಲಾಡಿಸಿದ.

"ಮಾತು ಕೊಡಾಕಾಗಲ್ಲ ಯಜಮಾನ್ರೇ. ಹಾರೋ ದಿನ ಬೆಳಿಗ್ಗೆ ನಾವೆಲ್ಲ ಒಂದೇ ಮೇಜಲ್ಲಿ ಕೂತು ತಿಂತೀವಿ. ಪಕ್ಕದಲ್ಲಿ ಕೂತೋನು ಮಧ್ಯಾಹ್ನದ ಊಟಕ್ಕೆ ಇರ್ತಾನೋ ಇಲ್ವೋ ಗೊತ್ತಿರಲ್ಲ. ಅಂಥವನ ಮುಂದೆ ತಟ್ಟೆ ದೂಡಿ, ನಂದು ಮಡಿ ಅಂತ ಹೆಂಗನ್ಲಿ?"

ಯಜಮಾನರು ಬಹಳ ಹೊತ್ತು ಎಲೆಅಡಿಕೆ ಜಗಿದರು. "ನೀನು ಹೇಳಾದು ತಪ್ಪಲ್ಲ ಕಣಪ್ಪ. ಆದ್ರೆ ಇದನ್ನ ನಾನು ಬಿಟ್ರೆ ಈ ಹಟ್ಟೀಲಿ ನಂಗೇನು ಕೆಲ್ಸ?" ಎಂದು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಗ ಇತ್ತು.

ಅತ್ತೆ, "ಇನ್ನೊಬ್ಬ ಅಣ್ಣ ಅವ್ನಲ್ಲ, ಅವನ ಮಡ್ಲಲ್ಲಿ ಕೂರ್ಸು," ಎಂದರು. ನಾನು ಒಪ್ಪಲಿಲ್ಲ. ಕ್ಷೌರಿಕ ಕತ್ತಿ ಸುತ್ತಿಕೊಂಡು ಹೋದ. ಬಸ್ಸಿಗೆ ಬಿಡಲು ರಾಂಪುರದವರೆಗೆ ನಡೆದಾಗ ಅಣ್ಣನನ್ನು ದಾರಿಯುದ್ದಕ್ಕೂ ಬೈದೆ.

"ಮೊಟ್ಟೆ ಹೆಚ್ಚಾತು ನಿಂಗೆ, ನನ್ನ ಮಗ ಕಡ್ಮೆ ಆದ."

"ಹಾರಾದು ಬಿಟ್ಟ ದಿನ ಬಂದು ಮಾತು ಕೊಡ್ತೀನಿ. ಅಲ್ಲೀ ತಂಕ ಕಾಯ್ತೀಯಾ?"

"ಕಾಯ್ತೀನಿ. ಕೂದ್ಲೇನು ಮೇವು ಕೇಳ್ತೈತಾ?"

ಕೇಳುತ್ತದೆ. ಹೇನು, ಸಿಕ್ಕು, ಎಣ್ಣೆ, ಸೀಗೆಕಾಯಿ. ವಾರಕ್ಕೊಮ್ಮೆ ಮಗನನ್ನು ಮೊಣಕಾಲ ನಡುವೆ ಸಿಕ್ಕಿಸಿ ಶೇಂಗಾ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದೆ. ಅವನು ಕಿರುಚುತ್ತಿದ್ದ, ನಾನು ತಲೆಗೆ ಮೊಟಕುತ್ತಿದ್ದೆ. ಈಗ ನೆನೆದರೆ ಆ ಎಣ್ಣೆ ವಾಸನೆಯೇ ಮೊದಲು ಬರುತ್ತದೆ. ಶಾಲೆಗೆ ಸೇರಿದ ದಿನ ಮೇಷ್ಟ್ರು ಅವನನ್ನು ಹೆಣ್ಣುಮಕ್ಕಳ ಸಾಲಿನಲ್ಲಿ ಕೂರಿಸಿದರು. ಹುಡುಗರು "ಲೇ ಜಡೆಯಮ್ಮ, ಹೂ ಮುಡಿಸ್ಲೇನೇ?" ಎನ್ನುವರು. ಇವನು ಅವರನ್ನು ಹೊಡೆದು ಬರುವನು, ಅವರ ತಾಯಂದಿರು ನನ್ನ ಹತ್ತಿರ ಬರುವರು.

"ಅವ್ವಾ, ಮಾವ ಮೊಟ್ಟೆ ಬಿಡಾದು ಯಾವಾಗ?" ಎಂದು ಮಗ ಕೇಳುತ್ತಿದ್ದ.

"ವಿಮಾನ ಬಿಟ್ಟಾಗ."

"ವಿಮಾನ ಯಾವಾಗ ಬಿಡ್ತಾನೆ?"

"ನಂಗೇನು ಗೊತ್ತು, ನಾನೇನು ಸರ್ಕಾರನಾ?"

ಮೂರನೇ ಯುದ್ಧ ಬಂತು. ರಾಂಪುರದ ಅಂಗಡಿಯೊಂದರಲ್ಲಿ ರೇಡಿಯೋ ಇತ್ತು. ದಿನವೂ ಕೂಲಿ ಮುಗಿಸಿ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಅದರಲ್ಲಿ ಊರುಗಳ ಹೆಸರು ಬರುತ್ತಿತ್ತು, ಅಣ್ಣನದು ಬರುತ್ತಿರಲಿಲ್ಲ. ಒಂದು ದಿನ ಅತ್ತೆ ನೇರವಾಗಿಯೇ ಹೇಳಿದರು.

"ನೋಡಮ್ಮ, ಅವನು ಬರ್ತಾನೋ ಇಲ್ವೋ. ಮಗೀಂದು ತೆಗ್ಸಿಬಿಡು."

"ಬರ್ದೇ ಇದ್ರೆ ತೆಗೆಸ್ತೀನಿ," ಎಂದೆ.

ಅಂದುಬಿಟ್ಟೆ. ಆಮೇಲೆ ಆ ಜಡೆ ಮುಟ್ಟಿದಾಗೆಲ್ಲ ಅದೇ ಮಾತು ನೆನಪಿಗೆ ಬರುವುದು. ಇದು ತಲೆಯ ಮೇಲೆ ಇರುವಷ್ಟು ದಿನ ಅವನು ಬದುಕಿದ್ದಾನೆ ಎಂದು ಲೆಕ್ಕ ಹಾಕಿಕೊಂಡುಬಿಟ್ಟಿದ್ದೆ. ಇದು ಹುಚ್ಚು ಎಂದು ನನಗೂ ಗೊತ್ತಿತ್ತು.

ಅವನು ಬದುಕಿದ. ಇನ್ನೊಂದು ಪದಕವೂ ಬಂತು. ಯುದ್ಧದಲ್ಲಿ ಕೂದಲು ಕೊಂಕದವನಿಗೆ, ಯುದ್ಧವಿಲ್ಲದ ಒಂದು ದಿನ, ಹೊಸಬರಿಗೆ ಕಲಿಸುವಾಗ ವಿಮಾನ ಕೆಟ್ಟಿತು. ಕೂತ ಕುರ್ಚಿಯ ಸಮೇತ ಹೊರಗೆ ಹಾರಿ ಜೀವ ಉಳಿಸಿಕೊಂಡ. ಬೆನ್ನಿನ ಮೂಳೆ ಮುರಿಯಿತು. ಆರು ತಿಂಗಳು ಮಲಗಿದ್ದನಂತೆ. ಇನ್ನು ಹಾರುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ಅವನು ಹಟ್ಟಿಗೆ ಬಂದಾಗ ಮಗನಿಗೆ ಒಂಬತ್ತು ವರ್ಷ. ಜಡೆ ಸೊಂಟ ದಾಟಿತ್ತು. ಅಣ್ಣ ಬೇವಿನ ಮರದ ಕೆಳಗೆ ಕೋಲು ಊರಿ ನಿಂತು, ಯಾರೂ ಕೇಳುವ ಮೊದಲೇ "ಮಾತು ಕೊಡಾಕೆ ಬಂದೀನಿ," ಎಂದ. ಯಜಮಾನರಿಗೆ ಕಣ್ಣು ಮಂಜಾಗಿತ್ತು. ಕಡ್ಡಿ ಕಾಯಿಸಿ ತಂದವನು ಅವರ ಮಗ. ಮೂರು ಯುದ್ಧ ಮಾಡಿದವನು ಅದು ನಾಲಿಗೆಗೆ ತಾಕುವಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಕಂಬಳಿ ಹಾಸಿದೆವು. ಒಂಬತ್ತು ವರ್ಷದ ಹುಡುಗನನ್ನು ಆ ಬೆನ್ನಿಟ್ಟುಕೊಂಡು ಮಡಿಲಲ್ಲಿ ಕೂರಿಸಿಕೊಂಡ. ಹುಡುಗ ನಾಚಿ ಮುದುಡಿದ್ದ. ಕ್ಷೌರಿಕ ನೀರು ಹಚ್ಚಿ ಜಡೆಯನ್ನು ಬುಡದಲ್ಲೇ ತೆಗೆದ. ಅದು ಇಡಿಯಾಗಿ ಅಣ್ಣನ ಪಂಚೆಯ ಮೇಲೆ ಬಿತ್ತು. ಹೆಂಗಸರು ಸೋಬಾನೆ ಹೇಳಿದರು. ಮಗ ತಲೆ ಸವರಿಕೊಂಡು, ತಣ್ಣಗೈತೆ ಎಂದು ಎದ್ದು ಓಡಿದ.

ಅಣ್ಣನಿಗೆ ಏಳಲು ಆಗಲಿಲ್ಲ. ನಾನೂ ನನ್ನ ಗಂಡನೂ ಎರಡು ಕಡೆ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಯಿತು. ನನ್ನ ಮೇಲೆ ಬಿದ್ದ ಅವನ ಭಾರ ನೋಡಿದಾಗ, ಅವನು ಬಂದದ್ದು ನನ್ನ ಮಗನಿಗಾಗಿ ಅಲ್ಲ, ಇನ್ನು ಹೋಗಲು ಬೇರೆ ಕಡೆ ಇಲ್ಲದ್ದಕ್ಕೆ ಎಂದು ತಿಳಿಯಿತು. ಏಳು ವರ್ಷ ಹಟ ಹಿಡಿದು ಕೇಳಿದ್ದು ನನಗೆ ಸಿಕ್ಕಿತ್ತು. ಅವನದು ಹೋಗಿತ್ತು.

"ಈಗ ಸಮಾಧಾನ ಆತಾ?" ಎಂದು ಕೇಳಿದ.

"ಇಲ್ಲ. ನೀನು ಇನ್ನೂ ಹಾರ್ತಾ ಇದ್ದಿದ್ರೆ ಚೆನ್ನಾಗಿತ್ತು."

"ಹಂಗಾದ್ರೆ ಇವನ ಜಡೆ?"

"ಇನ್ನೊಂದು ಮೊಳ ಬೆಳೀತಿತ್ತು. ಎಣ್ಣೆ ಹಚ್ಚೋಳು ನಾನು ತಾನೆ?"